ನರಿಯ ಅಂಗಡಿಯ ಉತ್ತರಾಣಿ ಬೀಜ

ಒಂದು ಕಾಡಿನಲ್ಲಿ ಬೆಣ್ಣೆಬಾಯಿ ಎಂಬ ನರಿ ಹಣ್ಣಿನ ಅಂಗಡಿ ಇಟ್ಟಿತ್ತು. ನೇರಳೆ, ಕವಳಿ, ಸೀಬೆ ಎಲ್ಲವೂ ಬಿಟ್ಟಿ! ನರಿ ಬಿಟ್ಟಿ ಕೊಡುತ್ತದೆ ಎಂದರೆ ಯಾರಿಗಾದರೂ ಅನುಮಾನ ಬರಬೇಕು. ಈ ಕಾಡಿನವರಿಗೆ ಮಾತ್ರ ಬರಲಿಲ್ಲ.

ಅಂಗಡಿಗೊಂದು ಪದ್ಧತಿಯಿತ್ತು. ಒಳಗೆ ಬಿಡುವ ಮೊದಲು ನರಿ ಉದ್ದನೆಯ ಕರಾರು ಹೇಳುತ್ತಿತ್ತು. ಒಪ್ಪಿದವರ ಕಿವಿಗೆ ಬರೀ ಉತ್ತರಾಣಿ ಬೀಜ, ಬಾಲಕ್ಕೆ ಪರಿಮಳ ಸವರಿದ ಬೀಜ ಅಂಟಿಸುತ್ತಿತ್ತು. "ನಿಮ್ಮ ಗುರುತು ಸಿಗಲಿ ಅಂತ, ಅಷ್ಟೇ" ಎನ್ನುತ್ತಿತ್ತು. ಬಾಯಲ್ಲಿ ನೀರೂರುತ್ತಿರುವಾಗ ಕರಾರು ಯಾರಿಗೆ ಬೇಕು? ಎರಡು ಮಾತು ಮುಗಿಯುವುದರೊಳಗೆ "ಹೂಂ, ಹೂಂ, ಎಲ್ಲದಕ್ಕೂ ಹೂಂ!" ಎಂದು ಪ್ರಾಣಿಗಳು ಒಳಗೆ ನುಗ್ಗುತ್ತಿದ್ದವು.

ಚುಕ್ಕವ್ವ ಎಂಬ ಜಿಂಕೆಯೂ ಹಾಗೇ ಹೂಂಗುಟ್ಟಿತು. ಮರುದಿನ ಅದು ಮರಿಯನ್ನು ಬಚ್ಚಿಟ್ಟಿದ್ದ ಪೊದೆಗೆ ತೋಳ ನೆಟ್ಟಗೆ ಬಂತು. ತಾಯಿ, ಮರಿ ಹೇಗೋ ಓಡಿ ಜೀವ ಉಳಿಸಿಕೊಂಡವು. ಮೂರು ಸಲ ಜಾಗ ಬದಲಿಸಿದರೂ ಮೂರು ಸಲವೂ ತೋಳ ಹಾಜರ್!

ಚುಕ್ಕವ್ವ ಅಳುತ್ತಾ ಮುದಿ ಆಮೆ ನಿಧಾನಪ್ಪನ ಬಳಿ ಹೋಯಿತು. "ಅಜ್ಜಾ, ಇನ್ನೊಂದು ಸಲ ತೋಳ ಬಂದ್ರೆ ನನ್ನ ಕೂಸು ಉಳಿಯೋದಿಲ್ಲ. ನಮ್ಮ ಜಾಗ ಅವನಿಗೆ ಯಾರು ಹೇಳ್ತಾರೆ?"

ಆಮೆ ಅದರ ಬಾಲ ಮೂಸಿತು. "ಈ ಬೀಜ ಎಲ್ಲಿಯದವ್ವಾ?"

"ನರಿಯಣ್ಣನ ಅಂಗಡೀದು."

"ನಡಿ, ಹೋಗಿ ಕೇಳೋಣ."

ಅಂಗಡಿಯ ಮುಂದೆ ದೊಡ್ಡ ಸಾಲಿತ್ತು. ನರಿ ಕರಾರು ಶುರುಮಾಡಿತು. ಆಮೆಗೆ ಯಾವ ಅವಸರವೂ ಇರಲಿಲ್ಲ. ಕೂತು ಪೂರ್ತಿ ಕೇಳಿತು. ಕೊನೆಯ ಮಾತನ್ನು ನರಿ ಗಂಟಲಲ್ಲೇ ಗೊಣಗಿತು. "ಬಾಲದ ಬೀಜದ ವಾಸನೆ ಹಿಡಿದು ನಿಮ್ಮ ಮನೆಗೆ ಬರಲು ನನ್ನ ಗೆಳೆಯ ತೋಳನಿಗೆ ಒಪ್ಪಿಗೆಯಿದೆ."

"ತೋಳನಿಗೆ ನಮ್ಮ ಜಾಗ ಹೇಳಿದ್ದು ಈ ಬೀಜಾನೇ!" ಎಂದು ಚುಕ್ಕವ್ವ ಎಲ್ಲರಿಗೂ ಕೇಳುವಂತೆ ಕೂಗಿತು.

"ಅಂಗಡಿಗೆ ಬೇಕೇಬೇಕಾದ ಬೀಜ ಯಾವುದಪ್ಪಾ?" ಆಮೆ ಕೇಳಿತು.

"ಕಿವೀದೊಂದೇ. ಯಾರಿಗೆ ಯಾವ ಹಣ್ಣು ಇಷ್ಟ ಅಂತ ನೆನಪಿಗೆ" ಎಂದು ನರಿ ತಡವರಿಸಿತು.

"ಹಾಗಾದ್ರೆ ಕಿವೀದಕ್ಕೆ ಹೂಂ. ಬಾಲದ್ದು ಬೇಡ!"

ಬೇಡ ಎನ್ನಬಹುದು ಎಂಬುದೇ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಸಾಲಿಗೆ ಸಾಲೇ "ನಮಗೂ ಬೇಡ!" ಎಂದು ಕೂಗಿತು. ಮಂಗಗಳು ಎಲ್ಲರ ಬಾಲದಿಂದ ಹಳೆಯ ಬೀಜಗಳನ್ನು ಕಿತ್ತು ನರಿಯ ಮುಂದೆ ರಾಶಿ ಹಾಕಿದವು. ನರಿ ಹೆದರಿ ಆ ರಾಶಿಯ ಮೇಲೆಯೇ ಬಿದ್ದು ಎದ್ದು ಓಡಿತು. ಅದರ ಪೊದೆಬಾಲದ ತುಂಬ ಉತ್ತರಾಣಿ!

ಮರುದಿನ ತೋಳ ವಾಸನೆ ಹಿಡಿದು ನರಿಯ ಬಿಲಕ್ಕೇ ಬಂತು.

"ಅಯ್ಯೋ, ನಾನು ಕಣೋ, ನಿನ್ನ ಗೆಳೆಯ!"

"ಮೂರು ದಿನದಿಂದ ಹೊಟ್ಟೆಗಿಲ್ಲ. ಗೆಳೆಯನಾದರೇನು, ಯಾರಾದರೇನು!"

ನರಿ ಗುಡ್ಡ ಹತ್ತಿ ಓಡಿತು. ತೋಳ ಬೆನ್ನಟ್ಟಿತು. ಎರಡೂ ಮತ್ತೆ ಈ ಕಾಡಿಗೆ ಕಾಲಿಡಲಿಲ್ಲ.

ಚುಕ್ಕವ್ವನ ಮರಿ ಹಾಡುಹಗಲೇ ಬಯಲಿನಲ್ಲಿ ಕುಣಿದಾಡಿತು. ಅದನ್ನು ನೋಡಿ ತಾಯಿಗೆ ಹೇಳತೀರದ ಸಂತೋಷವಾಯಿತು. ಪ್ರಾಣಿಗಳು ನಿಧಾನಪ್ಪನನ್ನು ಜೈಕಾರ ಹಾಕುತ್ತಾ ಹೊತ್ತು ತಂದು ಅಂಗಡಿಯಲ್ಲಿ ಕೂರಿಸಿದವು. ಅಜ್ಜನ ಅಂಗಡಿಯಲ್ಲಿ "ಬೇಡ" ಎಂದವರಿಗೂ ಹಣ್ಣು ಸಿಗುತ್ತದೆ.

ನೀತಿ: ವೆಬ್‌ಸೈಟ್ ಒಪ್ಪಿಗೆ ಕೇಳಿದಾಗ ಓದದೆ ಎಲ್ಲದಕ್ಕೂ ಹೂಂ ಎನ್ನಬಾರದು, ನಮ್ಮ ಗುರುತಿಗೆಂದು ಅದು ನಮ್ಮ ಫೋನು, ಕಂಪ್ಯೂಟರಿನಲ್ಲಿ ಇಡುವ ಕುಕೀ ಎಂಬ ಪುಟ್ಟ ಕಡತಗಳಲ್ಲಿ ಬೇಕಾದವಕ್ಕಷ್ಟೇ ಒಪ್ಪಬೇಕು, ಉಳಿದವನ್ನು ಬೇಡವೆನ್ನಬೇಕು, ಹಳೆಯವನ್ನು ಆಗಾಗ ಅಳಿಸಬೇಕು.