ಮನೆಯಿಂದ ಹೊಲಕ್ಕೆ

ಹಂಪವ್ವ ಹೊಳೆದಂಡೆಯ ಮಠಕ್ಕೆ ಬಂದಾಗ ಮಂಜು ಇನ್ನೂ ಕರಗಿರಲಿಲ್ಲ. ಹೊಳೆ ಕಾಣುತ್ತಿರಲಿಲ್ಲ. ಅದರ ಸಪ್ಪಳವಷ್ಟೇ ಕೇಳುತ್ತಿತ್ತು.

ಮಠವೆಂದರೆ ಒಂದು ಬೇವಿನ ಮರ, ಒಂದು ಮಣ್ಣಿನ ಗುಡಿಸಲು, ಅದರೊಳಗೆ ನಿರ್ವಾಣಯ್ಯನೆಂಬ ಮುದುಕ. ಸುತ್ತಲಿನ ಜನಕ್ಕೆಲ್ಲ ಅವನು ಅಜ್ಜ. ಆಗಷ್ಟೇ ಅಂಗಳ ಗುಡಿಸಿ ಕಸಬರಿಗೆಯನ್ನು ಮೂಲೆಗಿಡುತ್ತಿದ್ದ.

ಹಂಪವ್ವನ ಕಂಕುಳಲ್ಲಿ ಒಂದು ಬಟ್ಟೆಯ ಗಂಟಿತ್ತು.

"ಇಲ್ಲೇ ಇರಾಕ ಬಂದೀನ್ರೀ ಅಜ್ಜಾರ. ತಿರುಗಿ ಮನಿಗೆ ಹೋಗಂಗಿಲ್ಲ."

"ಗಂಡ ಬಡದನೇನು?"

"ಇಲ್ರೀ. ಫಕೀರಪ್ಪ ಇರುವಿಗೂ ಬೈಯೋ ಮನಶಾ ಅಲ್ಲ."

"ಮತ್ತ?"

ಅವಳು ಗಂಟನ್ನು ಎದೆಗವಚಿಕೊಂಡು ನಿಂತಳು.

"ನಿನ್ನೆ ರೊಟ್ಟಿ ಬಡದೆ, ಬುತ್ತಿ ಕಟ್ಟಿ ತಲಿಮ್ಯಾಲೆ ಇಟ್ಟಕೊಂಡು ಮನಿ ಬಿಟ್ಟೆ. ಎಚ್ಚರಾದಾಗ ಹೊಲದ ಬದುವಿನ ಮ್ಯಾಲೆ ನಿಂತಿದ್ದೆ. ನಡುವಿನ ದಾರಿ ನೆನಪಾ ಇಲ್ರೀ. ನಿದ್ದಿಯೊಳಗ ನಡದೆನೋ ಏನೋ. ಮೊನ್ನಿ ದಿನ ನೆನಸಿದೆ. ಅದೂ ಇಲ್ಲ. ಹೋದ ವರ್ಷದ್ದು ನೆನಸಿದೆ. ಅದೂ ಇಲ್ಲ."

ಅವಳ ದನಿ ಸಣ್ಣಗಾಯಿತು.

"ಇಪ್ಪತ್ತೆರಡು ವರ್ಷ ಆತ್ರೀ ಆ ದಾರಿ ತುಳಿಯಾಕ ಹತ್ತಿ. ನಿನ್ನೆ ಸಾರಿಸಿದ ಒಲಿ ಇವತ್ತ ಮತ್ತ ಸಾರಿಸೋದು, ನಿನ್ನೆ ತುಂಬಿದ ಕೊಡ ಇವತ್ತ ಮತ್ತ ತುಂಬೋದು. ನಾ ಬಾಳೇ ಮಾಡೀನೋ ಇಲ್ಲೋ ಅಂತ ಅಂಜಿಕಿ ಬಂತ್ರೀ."

ಅಜ್ಜ ಗುಡಿಸಲಿನ ಬಾಗಿಲು ಸರಿಸಿದ.

"ಇರವ್ವ. ಜಾಗಾ ಐತಿ. ಆದ್ರ ನನಗ ಮನಿ ರೊಟ್ಟಿ ತಿನಬೇಕನಿಸೇತಿ. ನಾಳಿಂದ ಗಂಡಗ ಬುತ್ತಿ ಮುಟ್ಟಿಸಿ, ನನಗೆರಡು ರೊಟ್ಟಿ ತಾ. ದಾರ್ಯಾಗ ಏನು ಕಂಡಿ ಹೇಳು. ನಿನ್ನೆ ಕಾಣದ್ದು ಕಂಡಿದ್ರ ಉಣತೀನಿ."

"ಕಾಣದಿದ್ರ?"

"ಉಣ್ಣಂಗಿಲ್ಲ."

ನಾಲ್ಕು ದಿನದ ಪರೀಕ್ಷೆ ಇದ್ದೀತು ಎಂದುಕೊಂಡು ಹಂಪವ್ವ ಗಂಟು ಹೊತ್ತು ಮನೆಗೆ ಹೋದಳು.

ಮರುದಿನ ಅಜ್ಜ ಕೈ ತೊಳೆದು ಕುಳಿತ.

"ಏನು ಕಂಡಿ?"

"ಏನೈತ್ರೀ ಕಾಣಾಕ? ಅದಾ ಜಾಲಿಗಿಡ, ಅದಾ ಕಾಲುಹಾದಿ, ಅದಾ ಜ್ವಾಳದ ಹೊಲ."

ಅಜ್ಜ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗೇ ಇಟ್ಟ. ಒಂದು ತಂಬಿಗೆ ನೀರು ಕುಡಿದು ಗೋಡೆಗೊರಗಿದ.

ಎರಡನೆಯ ದಿನ ಅವಳು ಉತ್ತರವನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳು.

"ನವಿಲು ಕಂಡೆ ಅಜ್ಜಾರ. ಗರಿ ಬಿಚ್ಚಿ ಕುಣೀತಿತ್ತು."

"ಯಾವ ಕಡಿ ಮಾರಿ ಮಾಡಿತ್ತು?"

ಹಂಪವ್ವ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು.

"ಚಂದ ಐತಿ ನಿನ್ನ ನವಿಲು," ಎಂದ ಅಜ್ಜ. "ಆದ್ರ ಆ ದಾರಿಗೆ ಅದು ಬಂದಿಲ್ಲ."

ಮತ್ತೆ ನೀರು ಕುಡಿದ.

ಹಂಪವ್ವನಿಗೆ ಸಿಟ್ಟು ನೆತ್ತಿಗೇರಿತು. ಮುದುಕನೊಬ್ಬ ತನ್ನಿಂದಾಗಿ ಉಪವಾಸ ಬಿದ್ದಿದ್ದಾನೆಂಬ ಅಳುಕು ಆ ಸಿಟ್ಟಿನೊಳಗೇ ಇತ್ತು.

"ನಿಮಗೇನ್ರೀ ಅಜ್ಜಾರ! ಬಡಿಯೋರು ಯಾರೋ, ಉಣ್ಣೋರು ಯಾರೋ. ದಿನಾ ಹೊಗಿಯೊಳಗ ಕಣ್ಣೀರು ಹಾಕೋರು ನಾವು. ಹೊಸಾದು ಕಾಣಬೇಕಂತ, ಹೊಸಾದು! ನೀವಾ ಒಂದಿನ ಬಡದು ನೋಡ್ರಿ."

"ಹೌದಲ್ಲ," ಎಂದ ಅಜ್ಜ.

ಮೂರನೆಯ ದಿನ ಅವಳು ಬರುವಷ್ಟರಲ್ಲಿ ಗುಡಿಸಲಿನಿಂದ ಹೊಗೆ ಏಳುತ್ತಿತ್ತು. ಅಜ್ಜ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದ. ಗಡ್ಡದ ತುಂಬ ಹಿಟ್ಟು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಅಂಚು ಸುಟ್ಟು ಕರ್ರಗಾಗಿತ್ತು.

ಅದನ್ನೇ ಅವಳ ಮುಂದಿಟ್ಟ. "ಉಣ್ಣವ್ವ."

"ನೀವು?"

"ನಂದು ನಿನ್ನ ದಾರ್ಯಾಗ ಐತಿ."

ಅವಳು ಸುಟ್ಟ ರೊಟ್ಟಿ ಮುರಿದಳು.

"ಮೊದಲ ಸಲ ಬಡದೀರೇನ್ರೀ?"

"ನಲವತ್ತು ವರ್ಷದಿಂದ ಬಡೀತೀನಿ. ಇದನ್ನ ಮಾತ್ರ ಮೊದಲ ಸಲ."

ಹಂಪವ್ವನಿಗೆ ಅರ್ಥವಾಗಲಿಲ್ಲ. ಆದರೆ ಇನ್ನೊಂದು ತುತ್ತು ಮುರಿದಳು. ಯಾರೋ ಬಡಿದ ರೊಟ್ಟಿಯನ್ನು ಕುಳಿತಲ್ಲೇ ಉಂಡು ಎಷ್ಟು ವರ್ಷವಾಗಿತ್ತೋ.

ನಾಲ್ಕನೆಯ ದಿನ ಅವಳ ಕಾಲು ಬೇಗ ಏಳಲಿಲ್ಲ. ಇವತ್ತೂ ಬರಿಗೈಲಿ ಹೋದರೆ ಮುದುಕ ಉಳಿಯುತ್ತಾನೋ ಇಲ್ಲವೋ. ಮೆಲ್ಲಗೆ, ನೀರಲ್ಲಿ ಹೆಜ್ಜೆ ಇಟ್ಟಂತೆ ನಡೆದಳು.

ಮಂಜು ಕೊರಳ ತನಕ ತುಂಬಿತ್ತು. ಜೋಳದ ದಂಟು ಕಾಣುತ್ತಿರಲಿಲ್ಲ, ತೆನೆಗಳಷ್ಟೇ ಬಿಳಿಯ ಮೇಲೆ ತೇಲುತ್ತಿದ್ದವು. ತೆನೆಯಿಂದ ತೆನೆಗೆ ಜೇಡ ನೂಲು ಕಟ್ಟಿತ್ತು. ನೂಲಿನ ತುಂಬ ಹನಿ. ಎಲ್ಲಿಯೋ ಒಂದು ಎತ್ತಿನ ಗೆಜ್ಜೆ ಅಲುಗಿತು. ಅವಳು ನಿಂತಳು. ತಾನು ನಿಂತಿದ್ದೇನೆ ಎಂಬುದೂ ಅವಳಿಗೆ ಗೊತ್ತಾಯಿತು.

ಮಠ ಮುಟ್ಟಿದಾಗ ಅವಳ ಮುಖ ಕೆಂಪಾಗಿತ್ತು.

"ಏನು ಕಂಡಿ?"

"ಹೇಳಾಕ ನಾಚಿಕಿ ಬರತೈತ್ರಿ."

"ಹಸಿವಿಗೆ ನಾಚಿಕಿಲ್ಲ. ಹೇಳು."

"ಮಂಜಿನೊಳಗಿಂದ ಯಾರೋ ಬರಾಕತ್ತಿದ್ರು. ಎತ್ತರ ಆಳು, ನಡಿಗಿ ನೆಟ್ಟಗ. ಯಾರಪಾ ಇಷ್ಟು ಚಂದನ ಗಂಡಸು ಅಂದಕೊಂಡೆ. ಹತ್ರ ಬಂದ. ನೋಡಿದ್ರ, ನಮ್ಮ ಫಕೀರಪ್ಪ!"

ಅಜ್ಜ ಬಿದ್ದು ಬಿದ್ದು ನಕ್ಕ. ನಕ್ಕು ಕೆಮ್ಮಿದ. ಆಮೇಲೆ ರೊಟ್ಟಿ ಮುರಿದು ನಿಧಾನವಾಗಿ ಉಂಡ.

ದಿನಗಳು ಹೋದವು. ಕುಸುಬೆ ಹೂವಿನೊಳಗೆ ಮಲಗಿದ್ದ ದುಂಬಿಯನ್ನು ಒಂದು ದಿನ ತಂದಳು, ಮಾತಲ್ಲೇ. ಹೆಂಚಿನ ಮೇಲೆ ರೊಟ್ಟಿ ಉಬ್ಬುವಾಗ ಉಸಿರು ಬಿಡುತ್ತದೆ ಎಂಬುದನ್ನು ಇನ್ನೊಂದು ದಿನ. ಅಂಗಳಕ್ಕೆ ನೀರು ಹೊಡೆದಾಗ ಮಣ್ಣಿನ ವಾಸನೆ ದಿನಕ್ಕೊಂದು ಥರ ಇರುತ್ತದಂತೆ. ಅಜ್ಜ ಕೇಳುತ್ತ ಉಣ್ಣುತ್ತಿದ್ದ. ಒಂದು ದಿನ ಮಾತ್ರ ಏನೂ ಸಿಗಲಿಲ್ಲ. ಹಂಪವ್ವ ಸುಳ್ಳು ಕಟ್ಟಲಿಲ್ಲ, ಸಿಟ್ಟಾಗಲೂ ಇಲ್ಲ. ಅಂದು ತಾನೂ ನೀರು ಕುಡಿದು ಅಜ್ಜನ ಪಕ್ಕ ಕುಳಿತಳು.

ಅಷ್ಟರಲ್ಲಿ ಜೋಳ ಹಾಲು ತುಂಬಿತು. ಹಕ್ಕಿಗಳು ಹಿಂಡುಹಿಂಡಾಗಿ ಇಳಿಯತೊಡಗಿದವು. ಫಕೀರಪ್ಪ ಹೊಲದ ನಡುವೆ ಅಟ್ಟಣಿಗೆ ಕಟ್ಟಿ, ಕವಣೆ ಹಿಡಿದು ನಿಂತ. ಕಲ್ಲು ಸುಂಯ್ಯೆಂದು ಹೋಗಿ ಬಯಲಲ್ಲಿ ಬೀಳುತ್ತಿತ್ತು. ಹಕ್ಕಿಗಳು ಏಳುತ್ತಿದ್ದವು.

ಹಂಪವ್ವ ಬುಟ್ಟಿ ಇಳಿಸಿ ನೋಡುತ್ತಿದ್ದಳು. ಗಂಡ ಪಡುವಣಕ್ಕೆ ಬೀಸಿದ, ತೆಂಕಣಕ್ಕೆ ಬೀಸಿದ, ಬಡಗಣಕ್ಕೂ ಬೀಸಿದ. ಮೂಡಣದ ಮೂಲೆಯಲ್ಲಿ ಹಕ್ಕಿ ಮುಕುರಿಕೊಂಡಿದ್ದವು. ಅವನು ಅತ್ತ ತಿರುಗಲೇ ಇಲ್ಲ.

"ಆ ಮೂಲಿಗೆ ಯಾಕ ಬೀಸವಲ್ಲಿ?"

"ಅದು ಹಕ್ಕಿ ಪಾಲು."

"ಯಾವಾಗಿಂದ?"

ಫಕೀರಪ್ಪ ಅಚ್ಚರಿಯಿಂದ ಕೆಳಗೆ ನೋಡಿದ.

"ನೀ ಬಂದ ವರ್ಷದಿಂದ. ನೀನಾ ಹೇಳಿದ್ದಿಲ್ಲೇನು? ನಾ ಒಗದ ಕಲ್ಲಿಗೆ ಗುಬ್ಬಿ ಬಿದ್ದಿತ್ತು. ಕೈಯಾಗ ಹಿಡಕೊಂಡು ಕುಂತು ಅತ್ತಿ. ಹಸದ ಹಕ್ಕಿ ನಮ್ಮ ಹೊಲದಿಂದ ಹಂಗಾ ಹೋಗಬಾರದು ಅಂದಿ."

ಹಂಪವ್ವ ಬದುವಿನ ಮೇಲೆ ಕುಳಿತಳು.

ಹಸಿರು ಬಳೆ. ಅಂಗೈಯಲ್ಲಿ ಆರದ ಬೆಚ್ಚನೆಯ ಗುಬ್ಬಿ. ಹೊಸ ಸೀರೆಯ ಸೆರಗಿಗೆ ಮೆತ್ತಿದ್ದ ಕರಿಮಣ್ಣು. ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ ಹುಡುಗಪ್ರಾಯದ ಗಂಡ. ಒಂದಿಡೀ ದಿನ, ಬಿಸಿಲಿನ ಸಮೇತ, ತಿರುಗಿ ಬಂದು ಎದುರು ನಿಂತಿತು.

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲಲ್ಲ ನೀ."

"ಹೇಳೋದೇನೈತಿ? ನಿನಗ ಗೊತ್ತೈತಿ ಅಂದಕೊಂಡಿದ್ದೆ." ಅವನು ಅಟ್ಟಣಿಗೆ ಇಳಿದು ಬಂದ. "ಯಾಕ ಅಳತಿ? ಬಾ, ನೀನೂ ಒಂದು ತುತ್ತು ಉಣ್ಣು."

ಬುಟ್ಟಿ ಇಳಿಸಿ, ಸೆರಗು ಕೊಡವಿ ಹೊರಟುಬಿಡುವುದು ಅವಳ ರೂಢಿ. ಅಂದು ಹೊರಡಲಿಲ್ಲ. ಇಬ್ಬರೂ ಬದುವಿನ ಮೇಲೆ ಕುಳಿತು ಉಂಡರು. ಆ ಗುಬ್ಬಿಯನ್ನು ಎಲ್ಲಿ ಹೂತಿದ್ದರೆಂಬ ಬಗ್ಗೆ ಸಣ್ಣ ಜಗಳವೂ ಆಯಿತು. ಮೂಲೆಯಲ್ಲಿ ಹಕ್ಕಿಗಳು ಗಲಗಲ ಎನ್ನುತ್ತಿದ್ದವು. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಹಂಪವ್ವನಿಗೆ ಜೊಂಪು ಹತ್ತಿತು.

ಕಣ್ಣು ಬಿಟ್ಟಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಬುಟ್ಟಿ ಖಾಲಿ.

ಅಜ್ಜನ ಎರಡು ರೊಟ್ಟಿ!

ಎದ್ದು ಬಿದ್ದು ಓಡಿದಳು. ಅಜ್ಜ ಬೇವಿನ ಬುಡದಲ್ಲಿ ಚಾಪೆ ಹಾಸಿ, ಕೈ ತೊಳೆದು ಕುಳಿತಿದ್ದ. ಯಾವಾಗ ತೊಳೆದಿದ್ದನೋ, ಕೈ ಒಣಗಿಹೋಗಿತ್ತು.

"ತಪ್ಪಾತ್ರೀ ಅಜ್ಜಾರ," ಎಂದಳು ಏದುಸಿರಲ್ಲಿ. "ನಿಮ್ಮ ರೊಟ್ಟಿ ನಾನಾ ಉಂಡುಬಿಟ್ಟೆ. ಅವನ ಜೋಡಿ ಕುಂತು, ಮಾತಾಡಕೋಂತ. ನಿಮ್ಮ ನೆನಪಾ ಆಗಲಿಲ್ರೀ."

ಅಜ್ಜ ಚಾಪೆಯ ಮೇಲೆ ತುಸು ಸರಿದು ಅವಳಿಗೆ ಜಾಗ ಮಾಡಿದ.

"ಪಲ್ಯ ಏನಿತ್ತು?"

"ಪುಂಡಿಪಲ್ಯ. ಮ್ಯಾಲೆ ಹಸೇ ಉಳ್ಳಾಗಡ್ಡಿ."

ಅಜ್ಜ ಕಣ್ಣು ಮುಚ್ಚಿದ.

"ಹೆಂಗಿತ್ತವ್ವ ರುಚಿ?"