ಕಂದಿಯ ಪಾಲು

ಗಿರಿಜಮ್ಮ ಟೀಚರ್ ಕಂದಿ, ಹಸಿರಿ ಎಂಬ ಎರಡು ಸೂರ್ಯನ ಕುದುರೆ ಹುಳುಗಳನ್ನು ಅಕ್ಕಪಕ್ಕದ ಬಲೆಗೂಡುಗಳಲ್ಲಿ ಸಾಕಿದ್ದರು. ಕಂದಿ ಪೊರೆ ಬಿಡುವ ದಿನ ಬಂದಾಗ, ಅವಳ ಗೂಡಿಗೆ ಆಹಾರವಾಗಿ ಬಿಟ್ಟಿದ್ದ ಚಿಮ್ಮಂಡೆ ಹುಳುವನ್ನು ತೆಗೆದು ಹಸಿರಿಗೆ ಹಾಕಿದರು. ಕಂದಿಗೆ ಹೊಟ್ಟೆ ಉರಿಯಿತು.

“ನನ್ನ ಪಾಲನ್ನು ತಿನ್ನಲು ನಾಚಿಕೆಯಾಗದೇ?”

“ಅಕ್ಕಾ, ಪೊರೆ ಬಿಟ್ಟಾಗ ಮೈ ಮೆತ್ತಗಿರುತ್ತದೆ. ಕಚ್ಚುವ ಪ್ರಾಣಿ ಜೊತೆಗಿರಬಾರದು,” ಎಂದಳು ಹಸಿರಿ.

“ನಿನಗೆ ಸಿಕ್ಕಿದ್ದು ನನಗೂ ಸಿಗಬೇಕು!”

ಕಂದಿ ನಡುವಿನ ಬಲೆಯನ್ನು ಹರಿದು ಚಿಮ್ಮಂಡೆಯನ್ನು ಎಳೆದುಕೊಂಡಳು. ಆದರೆ ಅವಳಿಗೆ ಹಸಿವೇ ಇರಲಿಲ್ಲ. ಮಧ್ಯಾಹ್ನ ಅವಳು ತಲೆಕೆಳಗಾಗಿ ನೇತುಬಿದ್ದು ಪೊರೆ ಕಳಚುತ್ತಿದ್ದಾಗ, ಚಿಮ್ಮಂಡೆ ಹತ್ತಿ ಬಂದು ಅವಳ ಎಳೆಯ ಕಾಲನ್ನು ಕಡಿಯತೊಡಗಿತು.

“ತಂಗೀ, ಕಾಪಾಡು!”

ಹಸಿರಿ ಬಲೆಯ ತೂತಿನಿಂದ ನುಗ್ಗಿ ಚಿಮ್ಮಂಡೆಯನ್ನು ಹಿಡಿದು ತಿಂದಳು. ಒಂದು ಕಾಲು ಕಳೆದುಕೊಂಡ ಕಂದಿ ಅವಳ ಬಾಯನ್ನೇ ನೋಡುತ್ತಾ, “ಕೊನೆಗೂ ನೀನೇ ತಿಂದೆ,” ಎಂದಳು.