ತವರಿಂದ ಬಂದ ಕೊಡದ ನೀರು

ಆ ಮೀನಿನ ತೊಟ್ಟಿ ದೀಪ ಆರಿಸಿ ಬಾ, ಮಲ್ಕೋ. ಗಾಜು ತಟ್ಟಿ ತಟ್ಟಿ ಕರೆದ್ರೆ ಅವು ಚಿಪ್ಪಿಂದ ಈಚೆ ಬರ್ತವಾ? ಬರಲ್ಲ. ಅವಕ್ಕೂ ಒಂದು ಕತೆ ಐತೆ, ಹೂಂ ಅಂತಿರು, ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ಕರೆಂಟೂ ಇಲ್ಲ ಮೋಟಾರೂ ಇಲ್ಲ ಅನ್ನೋ ಕಾಲದಲ್ಲಿ, ಹೊಳೆ ದಂಡೇಲಿ ಒಂದೂರು, ಆ ಊರಲ್ಲಿ ಕಾಳಿಂಗಣ್ಣ ಅಂತ ಒಬ್ಬ ಬಳೆಗಾರ ಇದ್ನಂತೆ. ಅವನಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯಂದ್ರು. ದೊಡ್ಡ ಸೊಸೆ ತವರಿಂದ ಹಸು ಹೊಡ್ಕೊಂಡು ಬಂದಿದ್ಲು, ನಡುವಿನ ಸೊಸೆ ತಾಮ್ರದ ಹಂಡೆ ತಂದಿದ್ಲು, ಕಿರಿ ಸೊಸೆ ಈರಕ್ಕ ಮಾತ್ರ ಬರಿಗೈಲಿ ಬಂದಿದ್ಲಂತೆ. ಅವಳ ತವರು ಮೂರು ಹರದಾರಿ ಆಚೆ, ಸುಣ್ಣಕಲ್ಲಿನ ಬೆಂಗಾಡು. ಅಲ್ಲಿ ಇದ್ದಿದ್ದು ಒಂದೇ ಬಾವಿ, ಅದೂ ಗಡಸು ನೀರಿಂದು. ಸೀಗೆಕಾಯಿ ಹಾಕಿ ತಲೆ ಉಜ್ಜಿದ್ರೆ ನೊರೆ ಬರ್ತಿರಲಿಲ್ಲ, ಬೇಳೆ ಇಟ್ರೆ ಅರ್ಧ ದಿನ ಆದ್ರೂ ಬೇಯ್ತಿರಲಿಲ್ಲ.

ಬಂದ ಮಾರನೇ ದಿನ ಅತ್ತೆ ಸಾರಿಗೆ ಬೇಳೆ ಇಡು ಅಂದ್ಲಂತೆ. ಈರಕ್ಕ ಪಾಪ, ತವರಲ್ಲಿ ಇಡ್ತಿದ್ದ ಹಂಗೇ ಕೋಳಿ ಕೂಗೋ ಹೊತ್ತಿಗೆ ಒಲೆ ಹಚ್ಚಿ ಮಧ್ಯಾಹ್ನದವರೆಗೂ ಸೌದೆ ತಳ್ಳಿದ್ಲು. ಇಲ್ಲಿದ್ದಿದ್ದು ಹೊಳೆ ನೀರು ಕಣೋ! ಬೇಳೆ ಕರಗಿ, ಅಂಟಾಗಿ, ತಳ ಹಿಡಿದು, ಗೋಡೆಗೆ ಬಳಿಯೋ ಹಂಗಾಯ್ತಂತೆ. ಮನೆಯೋರೆಲ್ಲ ಬಿದ್ದೂ ಬಿದ್ದೂ ನಕ್ರು. ಅತ್ತೆ ಮಾತ್ರ ನಗಲಿಲ್ಲ. ಇನ್ಮೇಲೆ ಇವಳು ನನ್ನ ಒಲೆ ಹತ್ರ ಸುಳೀಬಾರ್ದು ಅಂದ್ಬಿಟ್ಲಂತೆ. ಅವತ್ತಿಂದ ಅವಳ ಹೆಸರೇ ಹೋಗಿ ಗಡಸುನೀರಿನೋಳು ಅಂತಾಯ್ತು. ಗಂಡನೋ, ಅವ್ವನ ಮುಂದೆ ಬಾಯಿಗೆ ಬೀಗ ಹಾಕ್ಕೊಂಡೋನು. ಅವಳಿಗೆ ಬಲು ಸಂಕಟ ಆಗ್ತಿತ್ತು. ಒಲೆ ಮುಂದೆ ಕೂರೋಕೆ ಬಿಡದ ಮನೇಲಿ ಅವಳು ಯಾವ ಮೂಲೇಲಿ ಕೂರ್ಬೇಕು, ನೀನೇ ಹೇಳು.

ಆಮೇಲೆ ಯುಗಾದಿ ಕಳೆದ ಮೇಲೆ ಸಮುದ್ರದಾಚೆಯಿಂದ ಒಬ್ಬ ವ್ಯಾಪಾರಿ, ಗಾಜಿನ ಕೆಲಸ ಬಲ್ಲೋರು ಅಂತ ಇವರ ಮನೆಗೇ ಬಂದ್ನಂತೆ. ಅವನ ಹತ್ರ ಒಂದು ಮಣ್ಣಿನ ಹೂಜಿ, ಹೂಜಿ ಒಳಗೆ ಬಸವನಹುಳದ ಖಾಲಿ ಚಿಪ್ಪು, ಒಂದೊಂದು ಚಿಪ್ಪಲ್ಲೂ ಒಂದೊಂದು ಪಟ್ಟೆ ಮೀನು, ಬೆರಳಿನ ಒಂದು ಗೆಣ್ಣುದ್ದ. ಇವು ಅರಸರ ಮಗಳಿಗೆ ಕಾಣಿಕೆ, ಹನ್ನೆರಡು ಅವೆ, ದಸರಾ ಹೊತ್ತಿಗೆ ಬರ್ತೀನಿ, ಅಷ್ಟರಲ್ಲಿ ಮರಿ ಮಕ್ಕಳು ಆಗಿರೋ ಹಂಗೆ ಜೋಪಾನ ಮಾಡಿ ಅಂದ್ನಂತೆ. ಕಾಳಿಂಗಣ್ಣ ವೀಳ್ಯ ಕೊಟ್ಟು ಮಾತು ಕೊಟ್ಟ. ಗಾಜು ನಿಲ್ಲಿಸಿ, ಸಂದಿಗೆ ಅರಗು ಮೆತ್ತಿ, ತಳಕ್ಕೆ ಮರಳು ಹಾಸಿ ತೊಟ್ಟಿ ಮಾಡಿದ. ಮೀನಿಗೆ ಉಸಿರಾಡೋಕೆ ನೀರಿಗೆ ಗಾಳಿ ಸೇರಲಿ ಅಂತ ಪರಂಗಿ ಎಲೆ ದಂಟು ನೀರಿಗಿಟ್ಟು ಗುಳುಗುಳು ಅಂತ ಮನೆಯೋರೆಲ್ಲ ಸರದಿ ಮೇಲೆ ಊದ್ತಿದ್ರಂತೆ. ಮಾವನೂ ಊದ್ತಿದ್ನಂತೆ, ಮೀಸೆ ಒದ್ದೆ ಮಾಡ್ಕೊಂಡು.

ಮೊದಲು ನೋಡ್ಕೊಳ್ಳೋಕೆ ಕೂತಿದ್ದು ದೊಡ್ಡ ಸೊಸೆ. ಅವಳು ದಿನಾ ಬೆಳಿಗ್ಗೆ ಹಳೇ ನೀರೆಲ್ಲ ಚೆಲ್ಲಿ, ಹೊಳೆಯಿಂದ ಹೊಸ ನೀರು ತಂದು ತುಂಬಿಸ್ತಿದ್ಲಂತೆ, ನಾವು ಕುಡಿಯೋ ಅಂಥದ್ದೇ ನೀರು, ಕಲ್ಲುಸಕ್ಕರೆ ಹಂಗಿರೋದು. ತಿಂಗಳು ತುಂಬೋದ್ರಲ್ಲಿ ಹನ್ನೆರಡರಲ್ಲಿ ಆರೇ ಉಳಿದ್ವು. ಆಮೇಲೆ ನಡುವಿನ ಸೊಸೆ ಬಂದ್ಲು. ಅವಳಿಗೆ ಎಲ್ಲಾ ಫಳಫಳ ಅನ್ಬೇಕು. ಹಂಡೆ ಉಜ್ಜೋ ಹುಣಸೆಹಣ್ಣಲ್ಲೇ ಚಿಪ್ಪನ್ನೂ ತಿಕ್ಕಿ, ದೀಪ ಜೋಡಿಸೋ ಹಂಗೆ ಸಾಲಾಗಿ ಜೋಡಿಸ್ತಿದ್ಲಂತೆ. ಮೀನು ಬಾಯಲ್ಲಿ ಮರಳು ಕಚ್ಚಿ ಕಚ್ಚಿ ಉಗಿದು ಚಿಪ್ಪು ಹೂತ್ಕೊಳ್ಳೋದು, ಇವಳು ಕಿತ್ತು ಮತ್ತೆ ಸಾಲಿಗೆ ಇಡೋದು. ಇನ್ನೊಬ್ಬರ ಮನೆ ನಾವು ಗುಡಿಸಿದ್ರೆ ಹಿಂಗೇ ಆಗೋದು. ಆರು ಹೋಗಿ ಮೂರಾಯ್ತು.

ಮಾವನಿಗೆ ಅನ್ನ ಸೇರದಂಗಾಯ್ತು. ಆಗ ಅತ್ತೆ ಈರಕ್ಕನ್ನ ಕರೆದು, ಲೇ ಗಡಸುನೀರಿನೋಳೇ, ಇನ್ನು ನಿಂದು ಸರದಿ, ಈ ಮೂರೂ ಸತ್ರೆ ಗಾಡಿ ಕಟ್ಟಿಸ್ತೀನಿ, ತವರಿಗೆ ಹೋದೋಳು ಮತ್ತೆ ಈ ಹೊಸ್ತಿಲು ತುಳೀಬೇಡ ಅಂದ್ಲಂತೆ.

ಈರಕ್ಕ ತೊಟ್ಟಿ ಮುಂದೆ ಕೂತ್ಲು. ಒಂದು ಚಿಪ್ಪು ಮುಟ್ಟಿ ನೋಡಿದ್ರೆ ಹಪ್ಪಳದಂಗೆ ತೆಳ್ಳಗಾಗೈತೆ, ಬೆರಳಿಗೆ ಬಿಳಿ ಪುಡಿ ಅಂಟ್ತೈತೆ. ಈ ನೀರು ಚಿಪ್ಪನ್ನೇ ತಿಂತೈತಲ್ಲಾ ಅಂದ್ಕೊಂಡ್ಲು. ಆಮೇಲೆ ಹಿತ್ತಿಲಿಗೆ ಹೋದ್ಲು, ಅಲ್ಲಿ ವ್ಯಾಪಾರಿಯ ಹೂಜಿ ಮೂಲೇಲಿ ಬಿದ್ದಿತ್ತು. ಅದರ ಕುತ್ತಿಗೆ ಸುತ್ತ ಬಿಳೀ ಕರೆ, ಒಳಗೂ ಬಿಳೀ ಕರೆ. ಉಗುರಲ್ಲಿ ಕೆರೆದು ನಾಲಗೆಗೆ ಇಟ್ಕೊಂಡ್ಲಂತೆ. ಇಟ್ಕೊಂಡವಳೇ ಅಲ್ಲೇ ಕುಕ್ಕರಿಸಿ ಅತ್ಬಿಟ್ಲು. ಅವ್ವನ ಮನೆ ಕೊಡದಲ್ಲಿ ಕಟ್ಟೋ ಕರೆ ಅದು, ಅದೇ ರುಚಿ! ಇವೂ ನನ್ನಂಗೇ ಗಡಸು ನೀರಿನೋವು, ಪಾಪ, ಹೊಳೆ ನೀರಿಗೆ ತಂದು ಹಾಕವ್ರೆ ಅಂತ ಅಳುನೂ ಬಂತು, ನಗುನೂ ಬಂತು.

ಸಂತೆಗೆ ಬಂದೋರ ಕೈಲಿ ತವರಿಗೆ ಹೇಳಿ ಕಳಿಸಿದ್ಲು. ಅವರವ್ವ ತಲೆ ಮೇಲೆ ಒಂದು ಕೊಡ ಬಾವಿ ನೀರು ಹೊತ್ತು ಮೂರು ಹರದಾರಿ ನಡ್ಕೊಂಡು ಬಂದ್ಲಂತೆ. ಅತ್ತೆ ಬಾಗಿಲಲ್ಲೇ ನಿಂತು, ಓಹೋ, ಕೊನೆಗೂ ತವರಿಂದ ಉಡುಗೊರೆ ಬಂತು ನೋಡ್ರಪ್ಪ ಅಂದ್ಲು. ಆ ತಾಯಿ ಮುಖ ಚಿಕ್ಕದಾಯ್ತು. ಕೊಡ ಇಳಿಸಿ, ಒಂದು ಲೋಟ ಮಜ್ಜಿಗೆನೂ ಕುಡೀದೆ ಹೊರಟೋದ್ಲು. ಆದ್ರೂ ಮುಂದಿನ ಸಂತೆಗೂ ಬಂದ್ಲು, ಅದರ ಮುಂದಿನ ಸಂತೆಗೂ ಬಂದ್ಲು, ಮಗಳ ಬಾಳು ನೋಡು.

ಈರಕ್ಕ ಆ ನೀರನ್ನ ಒಂದೇ ಸಲ ಹುಯ್ಯಲಿಲ್ಲ. ದಿನಕ್ಕೊಂದು ಚೊಂಬು ತೆಗೆಯೋದು, ಒಂದು ಚೊಂಬು ಹಾಕೋದು. ಚಿಪ್ಪು ಮುಟ್ಟಲಿಲ್ಲ, ಮರಳು ಕೆದಕಲಿಲ್ಲ, ಹಿತ್ತಿಲ ನೀರ್ತೊಟ್ಟಿಯ ಸೊಳ್ಳೆಹುಳ ತಂದು ಹಾಕೋಳು, ದಂಟು ಊದೋಳು, ಅಷ್ಟೇ. ಮೀನು ತಮಗೆ ಬೇಕಾದಂಗೆ ಗುಂಡಿ ತೋಡಿ, ಚಿಪ್ಪು ಹೂತು, ಬಾಯಷ್ಟೇ ಮೇಲೆ ಬಿಟ್ಕೊಂಡ್ವು. ಆಮೇಲೆ ಮೂರು ದಿನ ಒಂದೂ ಕಾಣಲಿಲ್ಲವಂತೆ.

ಸತ್ವು, ಗಾಡಿ ಕಟ್ಟಿ ಅಂದ್ಲು ಅತ್ತೆ. ಎತ್ತು ಹೂಡಿದ್ರು. ಈರಕ್ಕ ಸೀರೆ ಗಂಟು ಕಂಕುಳಲ್ಲಿ ಇಟ್ಕೊಂಡು, ಅತ್ತೆ, ಇನ್ನೊಂದೇ ಒಂದ್ಸಲ ಊದಿ ಹೋಗ್ತೀನಿ ಅಂದ್ಲಂತೆ. ದಂಟು ತಗೊಂಡು ಮೆಲ್ಲಗೆ ಊದಿದ್ಲು. ಊದಿದ್ರೆ ಒಂದು ಚಿಪ್ಪಿನ ಬಾಯಲ್ಲಿ ಎರಡು ಸಣ್ಣ ಕಣ್ಣು, ಎಳ್ಳಿನಷ್ಟು. ಅದರ ಪಕ್ಕ ಇನ್ನೆರಡು. ಆಮೇಲೆ ಇನ್ನೊಂದು ಚಿಪ್ಪಿಂದಲೂ ಸಾಸಿವೆ ಚೆಲ್ಲಿದಂಗೆ ಮರಿಗಳು, ಹಿಂದೆ ಪಟ್ಟೆ ಸೀರೆ ಉಟ್ಟಂಗೆ ತಾಯಿ ಮೀನು! ಅತ್ತೆ ಗಾಜಿಗೆ ಮೂಗು ಒತ್ತಿ ಎಣಿಸೋಕೆ ಕೂತ್ಲು, ಮೂವತ್ತಕ್ಕೆ ತಪ್ಪಿಹೋಯ್ತು, ಮತ್ತೆ ಒಂದರಿಂದ ಶುರು ಮಾಡಿದ್ಲು. ಕೇಳೋರಿಲ್ಲದೆ ಎತ್ತು ಗಾಡಿ ಸಮೇತ ಹುಲ್ಲಿನ ಮೆದೆಗೆ ಬಾಯಿ ಹಾಕಿದ್ವಂತೆ.

ಆಮೇಲೆ ದಸರಾಕ್ಕೆ ವ್ಯಾಪಾರಿ ಬಂದ, ಬೇಕಾದಷ್ಟು ಮೀನು ತಗೊಂಡ, ಮಿಕ್ಕಿದ್ದು ನಿಮಗೇ ಇರಲಿ ಅಂದ. ಅರಮನೆ ದಾರಿಗೆ ನಿಮ್ಮ ಹೊಳೆ ನೀರು ಬೇಡ, ಇದೇ ನೀರು ಕೊಡಿ ಅಂತ ಹೂಜಿ ತುಂಬಿಸ್ಕೊಂಡ. ಕಾಳಿಂಗಣ್ಣನ ಮಾತು ಉಳೀತು.

ಅದರ ಮುಂದಿನ ಸಂತೆ ದಿನ ಈರಕ್ಕನ ಅವ್ವ ಕೊಡ ಹೊತ್ತು ಬಂದು, ಒಳಗೆ ಬರೋಕೆ ನಾಚಿಕೊಂಡು, ಬೀದೀಲೇ ನಿಂತಿದ್ಲಂತೆ. ಅತ್ತೆ ನೋಡಿದ್ಲು. ಅರಿಶಿನ ಕುಂಕುಮದ ಬಟ್ಟಲು ಹಿಡ್ಕೊಂಡು ಹೊರಗೆ ಹೋಗಿ, ತಾನೇ ಕೈಯಾರೆ ಕೊಡ ಇಳಿಸಿ, ಕೊಡಕ್ಕೂ ಕುಂಕುಮ ಇಟ್ಟು, ಬೀಗಿತಿ ಹಣೆಗೂ ಇಟ್ಟು, ಒಳಕ್ಕೆ ಕರ್ಕೊಂಡು ಬಂದು ಮಣೆ ಹಾಕಿದ್ಲು. ಆಮೇಲೆ ಹಿತ್ತಿಲ ಕಡೆ ತಿರುಗಿ, ಈರಕ್ಕಾ, ನಿಮ್ಮವ್ವ ಬಂದವ್ಳೆ ಕಣಮ್ಮಾ, ಬಾ, ಒಲೆ ಮೇಲೆ ಬೇಳೆ ಇಡು ಅಂತ ಕೂಗಿದ್ಲಂತೆ.

ಅವರ ಮನೇಲಿ ಬೇಳೆ ಬೆಂತು, ನಮ್ಮ ಮನೇಲಿ ಕತೆ ಮುಗೀತು. ಮಲ್ಕೋ.